ಬಾತ್ ಊರಿನ ಕಿಟಕಿ
ಇಂಗ್ಲೆಂಡಿನ ಬಾತ್‌ಗೆ ಹೋಗಿಬಂದವರೆಲ್ಲ ಅಲ್ಲಿನ ಬಿಸಿನೀರಿನ ಬುಗ್ಗೆಯನ್ನೇ ಹೊಗಳುತ್ತಾರೆ. 46 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಮಿಗಿಲಾಗಿ ಉಕ್ಕುತ್ತದೆ; ಹೊಗಳಲಿ ಬಿಡಿ. ನನ್ನ ಮನಸ್ಸಿನಲ್ಲಿ ಉಳಿದದ್ದು ನಾವು ಇಳಿದುಕೊಂಡಿದ್ದ ಪುಟ್ಟ ಗೆಸ್ಟ್‌ಹೌಸಿನ ಕಿಟಕಿ.

ಹದಿನೆಂಟನೇ ಶತಮಾನದ ಮನೆ. ಆ ಊರಿಗೇ ಬಣ್ಣ ಕೊಟ್ಟ ಜೇನುಬಣ್ಣದ ಸುಣ್ಣಕಲ್ಲಿನ ಗೋಡೆ. ಲಿಫ್ಟ್ ಇಲ್ಲ, ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಏದುಸಿರು. ಕಿಟಕಿಗೆ ನಮ್ಮಲ್ಲಿಯಂತೆ ತೆರೆದು ಮುಚ್ಚುವ ಬಾಗಿಲಿಲ್ಲ, ಗಾಜಿನ ಚೌಕಟ್ಟನ್ನೇ ಮೇಲಕ್ಕೆ ಜಾರಿಸಬೇಕು. ಅಷ್ಟು ಭಾರದ್ದು ಒಂದೇ ಕೈಗೆ ಎದ್ದಿತು, ಬಿಟ್ಟಲ್ಲೇ ನಿಂತಿತು! ಗುಟ್ಟೆಲ್ಲ ಪಕ್ಕದ ಮರದ ಗೂಡಿನಲ್ಲಿದೆ: ಹಗ್ಗ, ರಾಟೆ, ಚೌಕಟ್ಟಿಗೆ ಸರಿತೂಗುವ ಲೋಹದ ಗುಂಡು. ಚೌಕಟ್ಟು ಏರಿದರೆ ಗುಂಡು ಇಳಿಯುತ್ತದೆ. ಬಾವಿಯ ರಾಟೆ ಕಂಡವರಿಗೆ ಇದೇನೂ ಹೊಸದಲ್ಲ. ಅದನ್ನು ಕಣ್ಣಿಗೆ ಬೀಳದಂತೆ ಬಚ್ಚಿಟ್ಟದ್ದೇ ಬಡಗಿಯ ಜಾಣತನ. ಹಳೇ ಗಾಜು ಅಲೆಯಲೆಯಾಗಿದ್ದು, ಎದುರು ಮನೆಯ ಚಿಮಣಿಗಳನ್ನು ಡೊಂಕಾಗಿ ತೋರಿಸುತ್ತಿತ್ತು.

ಒಂಟಿ ಗಾಜು, ರಾತ್ರಿ ಚಳಿ ನುಸುಳಿತು. ಮನೆಯಾಕೆ ಕೇಳದೆಯೇ ಇನ್ನೊಂದು ಕಂಬಳಿ ತಂದಿಟ್ಟರು.

ಬಾತ್‌ಗೆ ಹೋದರೆ ದೊಡ್ಡ ಹೋಟೆಲು ಬಿಟ್ಟು ಇಂಥ ಮನೆಯಲ್ಲೇ ಇಳಿದುಕೊಳ್ಳಿ. ಸೂಟ್‌ಕೇಸ್ ಮಾತ್ರ ಹಗುರವಾಗಿರಲಿ.