ಪಿಎಚ್ 5.5 ಅಂತ ಬರೆದ ಸೋಪು

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ನಮ್ಮೂರು ಅಲ್ಲೇ ಹತ್ತಿರ. ನಾನು ಹುಡುಗನಾಗಿದ್ದಾಗ ಆ ರಸ್ತೆಯಲ್ಲಿ ಕಾಣ್ತಿದ್ದದ್ದು ಸೂರ್ಯಕಾಂತಿ, ಚೆಂಡುಹೂವು, ಎತ್ತಿನಗಾಡಿ. ಈಗ ಶನಿವಾರ ಬಂದ್ರೆ ಬೆಂಗಳೂರಿನ ಕಾರುಗಳ ಸಾಲು, ಆ ಕಾರುಗಳನ್ನ ನಂಬಿಕೊಂಡ ಅಂಗಡಿಗಳ ಸಾಲು. ಹೋದ ಸಲ ಅಂಥದೊಂದು ಅಂಗಡಿಯಲ್ಲಿ ಸೆಣಬಿನ ದಾರ ಸುತ್ತಿದ ಸೋಪು ಕೊಂಡೆ. ಮೇಲೆ ಮೂರೇ ಸಾಲು: ಹ್ಯಾಂಡ್‌ಮೇಡ್. ಕೆಮಿಕಲ್ ಫ್ರೀ. ಪಿಎಚ್ 5.5.

ಮೊದಲನೆಯದು ನಿಜ ಇರಬಹುದು. ಉಳಿದೆರಡರ ಬಗ್ಗೆ ನನ್ನ ತಕರಾರಿದೆ.

ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸೋಪು ಹುಟ್ಟೋದಿಲ್ಲ. ಎಣ್ಣೆ ಮತ್ತು ಕಾಸ್ಟಿಕ್ ಸೇರಿ ಸೋಪು ಮತ್ತು ಗ್ಲಿಸರಿನ್ ಆಗುತ್ತೆ. ಲೆಕ್ಕ ಸರಿ ಇದ್ದರೆ ಕೊನೆಗೆ ಕಾಸ್ಟಿಕ್ ಉಳಿಯಲ್ಲ, ಅಷ್ಟೇ. ಹೀಗೆ ಹುಟ್ಟಿದ ಸೋಪಿನ ಪಿಎಚ್ ಸಾಮಾನ್ಯವಾಗಿ 9ರಿಂದ 10. ಅದನ್ನ 5.5ಕ್ಕೆ ಇಳಿಸಲು ನಿಂಬೆರಸ ಹಿಂಡಿದರೆ ಸೋಪು ಒಡೆದು ಜಿಡ್ಡಾಗುತ್ತೆ, ಹಾಲು ಒಡೆದ ಹಾಗೆ. ನಿಜವಾಗಲೂ 5.5 ಇರುವ ಬಾರ್‌ಗಳು ಮಾರ್ಕೆಟ್‌ನಲ್ಲಿವೆ, ಆದರೆ ಅವು ಸಿಂಥೆಟಿಕ್ ಡಿಟರ್ಜೆಂಟಿನವು. ಅಂದ್ರೆ ಈ ಲೇಬಲ್‌ನವರು ಒಂದೋ ಟೆಸ್ಟ್ ಮಾಡಿಲ್ಲ, ಇಲ್ಲಾ ಒಳಗಿರೋದು ಇವರು ಹೇಳುವ ಸೋಪಲ್ಲ.

ಇಷ್ಟು ಜೋರಾಗಿ ಮಾತಾಡೋಕೆ ನನಗೆ ಹಕ್ಕು ಬಂದದ್ದು ಓದಿನಿಂದಲ್ಲ. ನಾನೇ ಒಮ್ಮೆ ತಪ್ಪು ಸರ್ಟಿಫಿಕೇಟ್ ಕೊಟ್ಟವನು.

ಊರಲ್ಲಿರುವ ನಮ್ಮಕ್ಕ ಮತ್ತು ಅವಳ ಸಂಘದ ನಾಲ್ಕು ಹೆಂಗಸರು ಇದೇ ಟೂರಿಸ್ಟ್‌ಗಳನ್ನ ನೆನೆಸಿಕೊಂಡು ಕೊಬ್ಬರಿ ಎಣ್ಣೆ ಸೋಪು ಮಾಡೋಕೆ ಹೊರಟರು. ನಾನು ಬಿಇ ಓದಿದ ತಮ್ಮ, ಲೆಕ್ಕ ನಂದು. 1 ಕೆಜಿ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ ಕಾಸ್ಟಿಕ್ ಅಂತ ಫೋನಲ್ಲೇ ಹೇಳಿದೆ. ನಾಲ್ಕು ವಾರ ಒಣಗಿಸಿದ ಮೇಲೆ ಊರಿಗೆ ಹೋಗಿ, ಸೋಪಿನ ಮೈ ಸ್ವಲ್ಪ ಒದ್ದೆ ಮಾಡಿ ಪಿಎಚ್ ಪಟ್ಟಿ ಒತ್ತಿದೆ. 9 ತೋರಿಸಿತು. ‘ಪಾಸ್’ ಅಂದೆ, ನಮ್ಮ ಆಫೀಸಲ್ಲಿ ಬಿಲ್ಡ್ ಹಸಿರಾದಾಗ ಅನ್ನೋ ಹಾಗೆ. ವಾರದಲ್ಲಿ ಅಕ್ಕನ ಫೋನು: ‘ನೀನೇ ಅಲ್ವೇನ್ಲಾ ಒಂಬತ್ತು ಬಂತು ಅಂದವ್ನು? ನಮ್ಮೆಲ್ಲರ ಕೈ ಚರ್ಮ ಸುಲೀತಾ ಅದೆ.’

ತಪ್ಪು ಸಿಕ್ಕಿದ್ದು ಎಣ್ಣೆಯ ಖಾಲಿ ಪ್ಯಾಕೆಟ್ ನೋಡಿದಾಗ. ನಾನು ಹೇಳಿದ್ದು ಕೆಜಿ ಲೆಕ್ಕ, ಅವರು ಸುರಿದದ್ದು ಲೀಟರ್. ಒಂದು ಲೀಟರ್ ಕೊಬ್ಬರಿ ಎಣ್ಣೆ ತೂಗುವುದು ಸುಮಾರು 920 ಗ್ರಾಂ. ಅದಕ್ಕೆ 168 ಗ್ರಾಂ ಕಾಸ್ಟಿಕ್ ಸಾಕಿತ್ತು. ಹೆಚ್ಚುವರಿ 15 ಗ್ರಾಂ ಸೋಪಿನೊಳಗೇ ಕೂತಿತ್ತು, ನೀರೂ ಸೇರಿ ಸುಮಾರು 1400 ಗ್ರಾಂ ಸೋಪಲ್ಲಿ ಶೇಕಡಾ 1ಕ್ಕಿಂತ ಜಾಸ್ತಿ. ಸ್ನಾನದ ಸೋಪಿಗೆ ನಮ್ಮ ಐಎಸ್ 2888 ಮಾನದಂಡ ಬಿಡುವುದು ಶೇಕಡಾ 0.05 ಮಾತ್ರ. ಇಪ್ಪತ್ತು ಪಟ್ಟು! ಎಣ್ಣೆ ಅಳೆದವರ ತಪ್ಪಲ್ಲ ಇದು. ಎಣ್ಣೆಯನ್ನ ಯಾರೂ ತೂಕ ಹಾಕಿ ಕೊಳ್ಳೋದಿಲ್ಲ ಅಂತ ಕೇಳದೇ ಇದ್ದ ನನ್ನದು.

ಹಾಗಾದ್ರೆ ಪಟ್ಟಿ ಯಾಕೆ 9 ತೋರಿಸಿತು? ಬರೀ ಒದ್ದೆ ಮೈ ಮೇಲೆ ಒತ್ತಿದರೆ ಸೋಪು ಸರಿಯಾಗಿ ಕರಗಿರಲ್ಲ, ನಂಬರ್ ಕಮ್ಮಿ ಬರುತ್ತೆ. ಆಮೇಲೆ ಸೋಪನ್ನ ಕತ್ತರಿಸಿ, ನಡುವಿನಿಂದ 1 ಗ್ರಾಂ ತೆಗೆದು 99 ಎಂಎಲ್ ಡಿಸ್ಟಿಲ್ಡ್ ವಾಟರಲ್ಲಿ ಕರಗಿಸಿ ನೋಡಿದೆ. 11 ದಾಟಿತ್ತು. ಪಿಎಚ್ ಅಳತೆಯಲ್ಲಿ ಒಂದು ಹೆಜ್ಜೆ ಅಂದ್ರೆ ಹತ್ತು ಪಟ್ಟು. 9ಕ್ಕೂ 11ಕ್ಕೂ ನಡುವೆ ನೂರು ಪಟ್ಟಿನ ದೂರ.

ರೀಲ್‌ಗಳಲ್ಲಿ ಇನ್ನೊಂದು ಟೆಸ್ಟ್ ಓಡಾಡ್ತಿದೆ: ಅರಿಶಿನ ಕೆಂಪಾಗದಿದ್ದರೆ ಸೋಪು ಸೇಫ್ ಅಂತೆ. ಅರಿಶಿನಕ್ಕೆ ಸುಣ್ಣ ಹಾಕಿ ಆರತಿ ನೀರು ಕೆಂಪು ಮಾಡಿದ ಯಾವ ಅಜ್ಜಿಯನ್ನಾದರೂ ಕೇಳಿ. ಬಟ್ಟೆ ಮೇಲಿನ ಅರಿಶಿನದ ಕಲೆಗೆ ಯಾವ ಒಳ್ಳೆಯ ಸೋಪು ಉಜ್ಜಿದರೂ ಕೆಂಪಾಗುತ್ತೆ. ಅದು ಕ್ಷಾರ ಇದೆ ಅನ್ನುತ್ತೆ, ಎಷ್ಟಿದೆ ಅನ್ನಲ್ಲ. ನಾಲಿಗೆ ತುದಿ ತಾಗಿಸಿ ಶಾಕ್ ಹೊಡೀತಾ ನೋಡುವ ಟೆಸ್ಟೂ ಇದೆ. ಕಾಸ್ಟಿಕ್ ಇರುವ ಅನುಮಾನ ಇದ್ದೂ ನಾಲಿಗೆ ಚಾಚೋದು ನನಗಂತೂ ಬುದ್ಧಿವಂತಿಕೆ ಅನಿಸಲ್ಲ.

ಒಂದು ಶತಮಾನದ ಹಿಂದೆ ಮೈಸೂರು ಸಂಸ್ಥಾನ ಗಂಧದ ಸೋಪು ಮಾಡಲು ಹೊರಟಾಗ, ಎಸ್.ಜಿ. ಶಾಸ್ತ್ರಿ ಎಂಬ ಕೆಮಿಸ್ಟ್‌ರನ್ನು ಕಲಿತು ಬರಲು ಇಂಗ್ಲೆಂಡಿಗೆ ಕಳಿಸಿತ್ತು. ನಾವು ಅರ್ಧ ನಿಮಿಷದ ವಿಡಿಯೋದಲ್ಲಿ ಕಲೀತೀವಿ. ಕಲಿಯೋಣ, ಬೇಡ ಅನ್ನಲ್ಲ. ಆದರೆ ಆ ವಿಡಿಯೋಗಳಲ್ಲಿ ದಾಸವಾಳದ ಹೂವಿಗೆ ಸಿಗುವ ಕ್ಲೋಸಪ್ ತಕ್ಕಡಿಗೆ ಸಿಗಲ್ಲ. ಸೋಪಿನ ಸುರಕ್ಷತೆಯ ಮುಕ್ಕಾಲು ಪಾಲು ಎಣ್ಣೆ, ಕಾಸ್ಟಿಕ್ ತೂಗುವಾಗಲೇ ತೀರ್ಮಾನ ಆಗಿರುತ್ತೆ. ಪಿಎಚ್ ಪಟ್ಟಿ ಕೊನೆಯಲ್ಲಿ ಬಂದು ದೊಡ್ಡ ಅನಾಹುತವನ್ನ ಹಿಡಿಯಬಹುದು, ಅದೂ ಸರಿಯಾಗಿ ಬಳಸಿದರೆ. ಅದು ಸರಿಯಾದ ನಂಬರ್ ತೋರಿಸಿದ ಮಾತ್ರಕ್ಕೆ ಸೋಪು ಪಾಸಾಗಲ್ಲ. ಟೆಸ್ಟ್ ಪಾಸಾದ ಕೋಡಲ್ಲೂ ಬಗ್ ಇರುತ್ತೆ ಅಂತ ದಿನಾ ನೋಡುವ ನಾವೇ ಲೇಬಲ್ ಮೇಲಿನ ಒಂದು ನಂಬರಿಗೆ ಮರುಳಾಗ್ತೀವಲ್ಲ!

ಹಾಗಾಗಿ ಮುಂದಿನ ಸಲ ಬೆಟ್ಟದ ದಾರಿಯಲ್ಲಿ ಸೋಪು ಕೊಳ್ಳುವಾಗ 5.5 ಕಂಡು ಖುಷಿ ಪಡಬೇಡಿ. ಯಾವ ಎಣ್ಣೆ, ಎಷ್ಟು ಗ್ರಾಂ, ಕಾಸ್ಟಿಕ್ ಎಷ್ಟು, ಎಷ್ಟು ವಾರ ಒಣಗಿಸಿದ್ದು ಅಂತ ಕೇಳಿ. ಮಾರೋಕೆ ಅಂತ ಸೋಪು ತಯಾರಿಸಲು ಲೈಸೆನ್ಸ್ ಬೇಕು, ಅದನ್ನೂ ಕೇಳಿ. ಉತ್ತರ ಕೊಡುವವರಿಗೆ ದುಡ್ಡು ಕೊಡಿ.

ನಮ್ಮಕ್ಕ ಇನ್ನೂ ಮಾರ್ತಿಲ್ಲ. ಮೊದಲ ಬ್ಯಾಚ್ ಪೂರ್ತಿ ಎಸೆದರು. ಐದು ಹೆಂಗಸರ ದುಡ್ಡು ಹೋಯ್ತು. ಈಗ ಅಡುಗೆಮನೆಯಲ್ಲಿ ಡಿಜಿಟಲ್ ತಕ್ಕಡಿ ಇದೆ, ಪಕ್ಕದಲ್ಲಿ ಒಂದು ನೋಟ್‌ಬುಕ್ಕು. ಅದರ ಮೊದಲ ಪುಟದಲ್ಲಿ ಅಕ್ಕನ ಅಕ್ಷರ: ‘ಎಣ್ಣೆ 1000 ಗ್ರಾಂ, ತೂಕ ಹಾಕಿದ್ದು. ಕಾಸ್ಟಿಕ್ 174 ಗ್ರಾಂ, ಶೇಕಡಾ 5 ಕಮ್ಮಿ.’ ಕೆಳಗೆ ಗೆರೆ ಎಳೆದು ಬರೆದಿದ್ದಾಳೆ: ‘ತಮ್ಮನ ಕೇಳಬಾರದು, ತೂಕ ಮಾಡಬೇಕು.’