ಖಾಲಿ ಕುಂಡದ ಗೌರಿ ಹೂ

ಗೋರಂಟಿ, ಸ್ಫಟಿಕ ಹೂಗಳ ಕಡ್ಡಿ ನೆಡುವ ಮಾತು ಈ ವಾರಕ್ಕೆಂದು ಗೊತ್ತಾಗಿತ್ತು. ಅದು ಮುಂದಕ್ಕೆ ಹೋದರೂ ನಷ್ಟವಿಲ್ಲ. ಗೋರಂಟಿಯದು ಗಟ್ಟಿ ಜೀವ, ಕಾಯುತ್ತದೆ. ಭಾದ್ರಪದ ಹತ್ತಿರವಾಯಿತು, ಮಲೆನಾಡಿನ ಬೇಲಿಗಳಲ್ಲಿ ಗೌರಿ ಹೂ ಅರಳಿದೆ. ಅದನ್ನು ಬಿಟ್ಟು ಬೇರೇನು ಬರೆಯುವುದು?

ಅಗ್ನಿಶಿಖೆ ಎಂದೂ ಕರೆಸಿಕೊಳ್ಳುವ ಈ ಬಳ್ಳಿಯ ಮೇಲೆ ಪೇಟೆಯವರಿಗೆ ದೂರೋ ದೂರು. ಮಳೆ ಹಿಂದೆಗೆದ ಮೇಲೆ ಹಳದಿಯಾಗಿ ಒಣಗಿ, ಗುರುತೂ ಉಳಿಸದೆ ಮಾಯವಾಗುತ್ತದೆ. ಮುಂಗಾರಿನವರೆಗೆ ಕುಂಡ ಬರಿದು. ಸತ್ತೇಹೋಯಿತೆಂದು ಮಣ್ಣು ಸುರಿದು ಪಿಟೂನಿಯ ನೆಡುವವರೇ ಹೆಚ್ಚು. ವರ್ಷವಿಡೀ ಹಸಿರಿರಬೇಕೆನ್ನುವ ಲಾನ್ ಗುತ್ತಿಗೆದಾರರ ಪಂಥಕ್ಕೂ ಈ ಅಂಕಣಕ್ಕೂ ಹಳೆಯ ಜಗಳ ಇರುವುದು ಇಲ್ಲೇ. ಅವರು ಹಾಸಿದ ಹುಲ್ಲು ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕುಡಿಯುತ್ತದೆ. ಮಲಗಿದ ಗೌರಿ ಗಡ್ಡೆಗೆ ನೀರು ಬೇಡ. ಹೆಚ್ಚು ಹಾಕಿದರೆ ಕೊಳೆತೇ ಹೋಗುತ್ತದೆ.

ಗಡ್ಡೆ ಸಾಮಾನ್ಯವಾಗಿ ನೇಗಿಲಿನಂತೆ ಬಾಗಿರುತ್ತದೆ. ಮೊಳಕೆ ಇರುವುದು ತುದಿಯಲ್ಲಿ. ಅದು ಮುರಿದರೆ ಗಡ್ಡೆ ಇದ್ದೂ ಉಪಯೋಗವಿಲ್ಲ. ಹಾಗಾಗಿ ಮೇ ಕೊನೆಗೆ, ನೀರು ಬಸಿದುಹೋಗುವ ಮಣ್ಣಿನಲ್ಲಿ 2–3 ಅಂಗುಲ ಆಳಕ್ಕೆ ಅಡ್ಡಲಾಗಿ ಮಲಗಿಸಬೇಕು. ಆಸರೆಗೆ ದಪ್ಪ ಗೂಟ ಕೊಟ್ಟರೆ ಬಳ್ಳಿ ಒಪ್ಪುವುದಿಲ್ಲ. ಇದು ಹಿಡಿದುಕೊಳ್ಳುವುದು ಎಲೆಯ ತುದಿಯಿಂದ. ಆ ಸಣ್ಣ ಸುರುಳಿಗೆ ಸುತ್ತಲು ತೆಳ್ಳನೆಯ ಕಡ್ಡಿ, ಪಕ್ಕದ ಪೊದೆಯ ರೆಂಬೆ ಸಾಕು.

ಹೂವಿನ ಗತ್ತು ಬೇರೆಯೇ. ತಲೆ ತಗ್ಗಿಸಿದ ಮೊಗ್ಗು ಅರಳುವಾಗ ಆರು ಎಸಳೂ ಹಿಂದಕ್ಕೆ ಮಡಚಿ ಮೇಲೇಳುತ್ತವೆ. ಮೊದಲು ಹಸಿರು ಬೆರೆತ ಹಳದಿ, ದಿನ ಕಳೆದಂತೆ ಕೆಂಪು. ಕೇಸರಗಳು ಸುತ್ತ ಚಾಚಿದರೆ, ಶಲಾಕೆ ಮಾತ್ರ ಥಟ್ಟನೆ ಪಕ್ಕಕ್ಕೆ ತಿರುಗಿಕೊಳ್ಳುತ್ತದೆ.

ನಮ್ಮ ಹೂ, ನಮ್ಮದೇ ಎಂದು ಎದೆ ತಟ್ಟುವ ದೇಸಿ ಗಿಡಪ್ರಿಯರಿಗೂ ಇದು ಸ್ವಲ್ಪ ಇರುಸುಮುರುಸು. ತಮಿಳುನಾಡಿನ ರಾಜ್ಯಪುಷ್ಪ ಇದೇ, ಜಿಂಬಾಬ್ವೆಯ ರಾಷ್ಟ್ರಪುಷ್ಪವೂ ಇದೇ. ಆಫ್ರಿಕದಿಂದ ಏಷ್ಯದವರೆಗೆ ತಾನೇ ಹಬ್ಬಿದ ಗಿಡಕ್ಕೆ ಗಡಿಗಳ ಗೊಡವೆ ಎಲ್ಲಿಯದು? ಬೇಲಿಯಾಚೆಯ ಲಂಟಾನದಂತೆ ಯಾರೋ ಹಡಗಿನಲ್ಲಿ ತಂದು ಬಿಟ್ಟದ್ದಲ್ಲ, ಅಷ್ಟು ಸಾಕು.

ಮಕ್ಕಳು, ನಾಯಿ ಇರುವ ಮನೆಯಲ್ಲಿ ಮಾತ್ರ ಇದಕ್ಕೆ ಜಾಗವಿಲ್ಲ. ಗಿಡವಿಡೀ ಕಾಲ್ಚಿಸಿನ್ ವಿಷ, ಗಡ್ಡೆಯಲ್ಲಂತೂ ಜೀವ ತೆಗೆಯುವಷ್ಟು; ಗೌಟ್ ಕೀಲುನೋವಿಗೆ ವೈದ್ಯರು ಕೊಡುವ ಮದ್ದೂ ಅದೇ. ಮುಟ್ಟುವವರು ಕೈಗವಸು ಹಾಕಿಕೊಳ್ಳಲಿ. ಕಾಡಿನ ಗಡ್ಡೆ ಕಿತ್ತು ತರುವ ಚಪಲ ಬೇಡ. ಬೀಜ ಬಿತ್ತಿದರೆ ಮೂರ್ನಾಲ್ಕು ಮಳೆಗಾಲಕ್ಕೆ ಹೂ ಕಾಣಬಹುದು. ಅಲ್ಲಿಯವರೆಗೆ ಕುಂಡಕ್ಕೆ ಹೆಸರಿನ ಚೀಟಿ ಚುಚ್ಚಿಟ್ಟರೆ, ಮನೆಗೆಲಸದವರು ಮಣ್ಣು ಸುರಿಯದೆ ಬಿಡುತ್ತಾರೆ.