ಜಾವಾದ ಸಂತೆಯೂ ಜೀವಧನರಕ್ಷಣೆಯೂ

ಕ್ಲಿಫರ್ಡ್ ಗೀರ್ಟ್ಸರ ‘ಪೆಡ್ಲರ್ಸ್ ಅಂಡ್ ಪ್ರಿನ್ಸಸ್’ (1963) ಎಂಬ ಗ್ರಂಥದ ಒಂದು ಭಾಗವು ಪೂರ್ವ ಜಾವಾದ ಪೇಟೆಯೂರೊಂದರ ಸಂತೆಯನ್ನು ಕುರಿತುದು. ‘ಮೊಜೊಕುಟೊ’ ಎಂಬುದು ಗ್ರಂಥಕರ್ತರಿಟ್ಟ ಕಲ್ಪಿತ ನಾಮ. ಊರಿನ ನಿಜವಾದ ಹೆಸರು ಪಾರೆ. ವರ್ತಕನು ಹಣವನ್ನೆಲ್ಲ ಒಂದೆಡೆ ತೊಡಗಿಸದೆ ಹಲವು ಸಣ್ಣ ವ್ಯವಹಾರಗಳಲ್ಲಿ ಹಂಚುವ ಕ್ರಮವನ್ನು ಅವರು ಸೂಕ್ಷ್ಮವಾಗಿ ನಿರೂಪಿಸಿದ್ದಾರೆ. ಇವರಲ್ಲಿ ಉದ್ಯಮಶೀಲತೆಯುಂಟು, ಸಂಘಟನಾಶಕ್ತಿಯಿಲ್ಲವೆಂಬುದು ಅವರ ಸಿದ್ಧಾಂತ. ಇದು ಸಾಲದೆಂದು ನಮ್ಮ ಅಭಿಪ್ರಾಯ. ರಕ್ಷಣೆಯ ಭರವಸೆಯಿಲ್ಲದೆಡೆ ಧನವನ್ನು ಒಂದೆಡೆ ಕೂಡಿಸುವವರಾರು? ಜಾವಾದ ಹಳ್ಳಿಗರು ಸರದಿಯ ಮೇಲೆ ‘ರೊಂಡ’ ಎಂಬ ರಾತ್ರಿಗಾವಲು ತಿರುಗಿ, ‘ಕೆಂತೊಂಗನ್’ ಎಂಬ ಟೊಳ್ಳುಮರವನ್ನು ಬಡಿದು ಊರನ್ನೆಚ್ಚರಿಸುವರು. ಈ ಕಾವಲು ಕಳ್ಳನನ್ನು ತಡೆಯಬಲ್ಲುದು. ನೆರೆಯವನೇ ಹಗೆಯಾದರೆ ನಿಷ್ಫಲ. 1965-66ರಲ್ಲಿ ಪೂರ್ವ ಜಾವಾದಲ್ಲಿ ನಡೆದ ಸಾಮೂಹಿಕ ಹತ್ಯೆಗಳೇ ಇದಕ್ಕೆ ಸಾಕ್ಷಿ. ಆದುದರಿಂದ ಸಂತೆಯ ವಿಚಾರವು ಅಭಯದ ವಿಚಾರವಿಲ್ಲದೆ ಪೂರ್ಣವಾಗದು.